ಮಗನ ಹೃದಯದ ರಂಧ್ರ, ಅಪ್ಪನ ಹೃದಯದ ದಣಿವು: ಎರಡರ ಬೇರು ಒಂದೇ ಇರಬಹುದೇ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಪಾಟಿನಲ್ಲಿ ಹೃದಯಕ್ಕೆ ಸಂಬಂಧಿಸಿದ ಎರಡು ಫೈಲುಗಳಿವೆ. ಒಂದು ನನ್ನ ಮಗನದು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟುವಾಗಲೇ ರಂಧ್ರವಿತ್ತು. ಅವನಿಗೆ 14 ತಿಂಗಳಾಗಿದ್ದಾಗ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಿದರು. ಈಗ 9 ವರ್ಷ, ಸಂಜೆಯಾದರೆ ಅಂಗಳದಲ್ಲಿ ಕ್ರಿಕೆಟ್.

ಇನ್ನೊಂದು ಫೈಲು ನನ್ನ ಅಪ್ಪನದು. 71 ವರ್ಷ. 20 ವರ್ಷದಿಂದ ರಕ್ತದೊತ್ತಡವಿದ್ದರೂ ಮಾತ್ರೆಯನ್ನು ಮನಸ್ಸು ಬಂದಾಗ ಮಾತ್ರ ನುಂಗಿದವರು. ಕಳೆದ ತಿಂಗಳು ಮೆಟ್ಟಿಲು ಹತ್ತುತ್ತಾ ಅರ್ಧದಲ್ಲೇ ಕುಳಿತುಬಿಟ್ಟರು. ಪಾದ ಊದಿತ್ತು. ರಕ್ತ ಪರೀಕ್ಷೆಯಲ್ಲಿ ಎನ್‌ಟಿ-ಪ್ರೊಬಿಎನ್‌ಪಿ 2,400 ಬಂದಿದೆ. ಗೋಡೆ ದಪ್ಪವಾಗಿದೆ, ಹೃದಯ ದಣಿದಿದೆ ಎಂದರು ವೈದ್ಯರು. ಹೊರಡುವಾಗ ಅವರು ಹೇಳಿದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಹೊಟ್ಟೆಯೊಳಗಿನ ಮಗುವಿನ ಹೃದಯ ಬಳಸುವ ವಂಶವಾಹಿಗಳನ್ನು ನಿಮ್ಮ ತಂದೆಯವರ ಹೃದಯ ಈಗ ಮತ್ತೆ ಬಳಸುತ್ತಿದೆ." ಹೊರಗೆ ಜನ ಕಾಯುತ್ತಿದ್ದರು, ಕೇಳಲು ಸಂಕೋಚವಾಯಿತು.

ಹಾಗೆಂದರೇನು? ಅಪ್ಪನಲ್ಲಿದ್ದದ್ದೇ ನನ್ನ ಮೂಲಕ ಮಗನಿಗೆ ಬಂದಿತೇ? ಇನ್ನೊಂದು ವಿಷಯವನ್ನೂ ಕೇಳಿಬಿಡುತ್ತೇನೆ. ನಾನು 7 ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ದಿನ ತರಕಾರಿ ಹೆಚ್ಚಿದ್ದೆ. ಅದರಿಂದಲೇ ಮಗುವಿನ ಎದೆಯಲ್ಲಿ ತೂತಾಯಿತು ಎಂದು ಮನೆಯ ಹಿರಿಯರು 9 ವರ್ಷದಿಂದ ಹೇಳುತ್ತಿದ್ದಾರೆ. ಹಗಲು ಹೊತ್ತಿನಲ್ಲಿ ನಾನು ಅದನ್ನು ನಂಬುವುದಿಲ್ಲ. ರಾತ್ರಿ ನಿದ್ದೆ ಬಾರದಾಗ ನಂಬುತ್ತೇನೆ.

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ತಾಯಿ, ಗ್ರಹಣದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಕಾರಣವನ್ನು ಇಲ್ಲಿರುವ ವೈದ್ಯರು ನನಗಿಂತ ಚೆನ್ನಾಗಿ ಹೇಳಬಲ್ಲರು.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು. ಹೃದಯದ ಪಾಠ ಬಂದಾಗ ಪ್ರತಿ ವರ್ಷವೂ ಒಂದು ಮೊಟ್ಟೆ ತರುತ್ತಿದ್ದೆ. ಅಂಗಡಿಯ ಮೊಟ್ಟೆಯಲ್ಲ, ಹುಂಜವಿರುವ ಮನೆಯ ನಾಟಿ ಕೋಳಿಯ ಮೊಟ್ಟೆ. ಕಾವಿಗೆ ಇಟ್ಟು ಮೂರು ದಿನ ತುಂಬಿದ ಮೊಟ್ಟೆಯ ಮೇಲ್ಭಾಗದ ಚಿಪ್ಪನ್ನು ಸೂಜಿಯಿಂದ ಮೆಲ್ಲಗೆ ಬಿಡಿಸಿದರೆ ಹಳದಿಯ ಮೇಲೆ ಕೆಂಪು ನೂಲಿನ ಬಲೆ ಕಾಣುತ್ತದೆ. ಬಲೆಯ ನಡುವೆ ಸಾಸಿವೆ ಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆ, ಅದು ಮಿಡಿಯುತ್ತಿರುತ್ತದೆ. ಗಲಾಟೆ ಮಾಡುತ್ತಿದ್ದ 50 ಮಕ್ಕಳು ಒಮ್ಮೆಗೇ ಸುಮ್ಮನಾಗುತ್ತಿದ್ದರು. ಕಣ್ಣು ಸರಿಯಾಗಿ ಮೂಡಿಲ್ಲ, ರೆಕ್ಕೆಯಿಲ್ಲ, ಕೊಕ್ಕಿಲ್ಲ. ಹೃದಯ ಮಾತ್ರ ಕೆಲಸಕ್ಕೆ ಇಳಿದಾಗಿದೆ. ಇದನ್ನು ಅರಿಸ್ಟಾಟಲ್ ಕೂಡ ಮೊಟ್ಟೆ ಒಡೆದು ನೋಡಿ ಬರೆದಿಟ್ಟಿದ್ದಾನೆ.

ಮನುಷ್ಯರಲ್ಲಿ ಗರ್ಭ ಕಟ್ಟಿದ ಸುಮಾರು 22ನೆಯ ದಿನಕ್ಕೆ ಮಿಡಿತ ಶುರು. ಎಷ್ಟೋ ತಾಯಂದಿರಿಗೆ ಆಗಿನ್ನೂ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ.

ಅಡಿಕೆತೋಟ, ಶಿರಸಿ

ಮೇಷ್ಟ್ರೇ, ನನಗೊಂದು ಸಂದೇಹ. ಮೈಯ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ ಎಂದು ಓದಿದ್ದೇನೆ. ಹಾಗಿದ್ದರೆ ಆ ಚುಕ್ಕೆಗೆ ತಾನು ಹೃದಯ ಎಂದು ತಿಳಿಸಿದವರು ಯಾರು?

ಮಿಡಿತ, ಬೆಂಗಳೂರು

ತೋಟದವರೇ, ನೀವು ಕೇಳಿದ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ತಟ್ಟೆಯಲ್ಲಿ ಹೃದಯದ ಕೋಶಗಳನ್ನು ಬೆಳೆಸುವುದು ನನ್ನ ನಿತ್ಯದ ಕೆಲಸ. ಅಕ್ಕನಿಗೂ ಉಪಯೋಗವಾದೀತು ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಊರಿನ ಎಲ್ಲ ಮನೆಗಳ ಮೊಳೆಗೂ ಒಂದೇ ಪಂಚಾಂಗ ತೂಗುಹಾಕಿದೆ ಎಂದುಕೊಳ್ಳಿ. ಮದುವೆಯ ಮನೆಯವರು ಮುಹೂರ್ತದ ಪುಟ ತೆರೆಯುತ್ತಾರೆ, ಬಿತ್ತನೆ ಮಾಡುವವರು ಮಳೆ ನಕ್ಷತ್ರದ ಪುಟ ನೋಡುತ್ತಾರೆ. ಪುಸ್ತಕ ಒಂದೇ, ತೆರೆಯುವ ಪುಟ ಬೇರೆ. ಯಾವ ಪುಟ ತೆರೆಯಬೇಕು ಎಂಬುದನ್ನು ಕೋಶ ತಾನಾಗಿ ನಿರ್ಧರಿಸುವುದಿಲ್ಲ. ನೆರೆಹೊರೆಯ ಕೋಶಗಳು ಹೇಳಿಕಳುಹಿಸುತ್ತವೆ. ಒಂದು ಕೋಶ ಸೂಸಿದ ಪ್ರೋಟೀನ್ ಪಕ್ಕದ ಕೋಶದ ಪೊರೆಯ ಮೇಲಿರುವ ಗ್ರಾಹಕಕ್ಕೆ ಅಂಟುತ್ತದೆ. ಆ ಸುದ್ದಿ ಒಳಗೆ ಒಬ್ಬರಿಂದ ಒಬ್ಬರಿಗೆ ದಾಟಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿ ಡಿಎನ್‌ಎಗೆ ಅಂಟಿಕೊಂಡು ವಂಶವಾಹಿಗಳನ್ನು ಎಬ್ಬಿಸುವ, ಮಲಗಿಸುವ ಪ್ರೋಟೀನುಗಳಿವೆ. ಕೊನೆಯ ಕೆಲಸ ಅವುಗಳದು.

ಮೂರನೆಯ ವಾರದ ಭ್ರೂಣದಲ್ಲಿ, ಮುಂದೆ ಹೃದಯವಾಗಬೇಕಾದ ಪದರದ ಕೆಳಗೆ, ಮುಂದೆ ಕರುಳು ಮೊದಲಾದವುಗಳ ಒಳಗೋಡೆಯಾಗುವ ಇನ್ನೊಂದು ಪದರವಿರುತ್ತದೆ. ಅದು ಬಿಎಂಪಿ ಎಂಬ ಸಂಕೇತವನ್ನು ಮೇಲಕ್ಕೆ ಕಳಿಸುತ್ತದೆ: ಹೃದಯವಾಗು. ಮಿದುಳುಬಳ್ಳಿ ಮೂಡುವ ಕಡೆಯಿಂದ ವಿಂಟ್ ಎಂಬ ಸಂಕೇತ ಬರುತ್ತದೆ: ಬೇಡ, ಹೃದಯವಾಗಬೇಡ. ಭ್ರೂಣದ ಮುಂಭಾಗದಲ್ಲಿ ವಿಂಟ್‌ನ ಬಾಯಿ ಮುಚ್ಚಿಸುವ ಪ್ರೋಟೀನುಗಳೂ ಇರುತ್ತವೆ. ಬಿಎಂಪಿ ಕೇಳಿಸುವ, ವಿಂಟ್ ಕೇಳಿಸದ ಜಾಗ ಹೃದಯವಾಗುತ್ತದೆ. ಕೋಳಿ ಮತ್ತು ಕಪ್ಪೆಯ ಭ್ರೂಣಗಳಲ್ಲಿ ಇದನ್ನು 2001ರಲ್ಲಿ ತೋರಿಸಿದರು. ವಿಂಟ್ ತಡೆಯುವ ಪ್ರೋಟೀನನ್ನು ಬೇರೆ ಜಾಗದಲ್ಲಿ ಕೊಟ್ಟಾಗ ರಕ್ತವಾಗಬೇಕಿದ್ದ ಅಂಗಾಂಶ ಹೃದಯವಾಗಿ ಮಿಡಿಯಿತು!

ಸಂಕೇತ ತಲುಪಿದೊಡನೆ ಏಳುವ ವಂಶವಾಹಿಗಳಲ್ಲಿ ಒಂದರ ಚರಿತ್ರೆ ನನಗೆ ಬಹಳ ಇಷ್ಟ. ಹಣ್ಣಿನ ನೊಣದಲ್ಲಿ ಒಂದು ವಂಶವಾಹಿ ಕೆಟ್ಟರೆ ಹೃದಯವೇ ಮೂಡುವುದಿಲ್ಲ ಎಂದು 1993ರಲ್ಲಿ ಗೊತ್ತಾಯಿತು. ಎದೆಯಲ್ಲಿ ಹೃದಯವಿಲ್ಲದ ತಗಡಿನ ಮನುಷ್ಯನೊಬ್ಬ ಅಮೆರಿಕದ ಮಕ್ಕಳ ಕಥೆಯಲ್ಲಿ ಬರುತ್ತಾನೆ. ಅವನ ಹೆಸರನ್ನೇ ಅದಕ್ಕಿಟ್ಟು 'ಟಿನ್‌ಮ್ಯಾನ್' ಎಂದು ಕರೆದರು. ಅದೇ ವರ್ಷ ಇಲಿಯಲ್ಲೂ ಅದರ ಬಂಧು ಸಿಕ್ಕಿತು, ಎನ್‌ಕೆಎಕ್ಸ್2-5. ನಮ್ಮಲ್ಲೂ ಅದು ಇದೆ. ನೊಣದ ಹೃದಯವೆಂದರೆ ಬೆನ್ನಿನುದ್ದಕ್ಕೂ ಇರುವ ಒಂದು ಕೊಳವೆ, ಅಷ್ಟೇ. ಅದನ್ನೂ ನಮ್ಮ ನಾಲ್ಕು ಕೋಣೆಯ ಹೃದಯವನ್ನೂ ಕಟ್ಟಲು ಹೊರಡುವ ಮೇಸ್ತ್ರಿ ಒಬ್ಬನೇ.

ಸಂಕೇತ ಯಾವುದು ಎಂಬುದರಷ್ಟೇ ಅದು ಯಾವ ಹೊತ್ತಿನಲ್ಲಿ ಬಂದಿತು ಎಂಬುದೂ ಮುಖ್ಯ. ನಾವು ಚರ್ಮ ಅಥವಾ ರಕ್ತದ ಕೋಶವನ್ನು ಮೂಲಕೋಶವಾಗಿ ಹಿಂದಿರುಗಿಸಿ, ಅದರಿಂದ ಹೃದಯದ ಕೋಶ ಮಾಡುತ್ತೇವೆ. ಮೊದಲ ದಿನ ವಿಂಟ್ ಸಂಕೇತವನ್ನು ಎಬ್ಬಿಸುವ ರಾಸಾಯನಿಕ ಹಾಕಬೇಕು. ಮೂರನೆಯ ದಿನ ಅದೇ ವಿಂಟನ್ನು ಅಡಗಿಸುವ ರಾಸಾಯನಿಕ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2012ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಒಮ್ಮೆ ದ್ರವ ಬದಲಿಸುವುದು ಒಂದು ದಿನ ತಡವಾಯಿತು. ಹತ್ತನೆಯ ದಿನವೂ ತಟ್ಟೆ ಅಲುಗಾಡದೆ ಬಿದ್ದಿತ್ತು. ಅದೇ ಕೋಶ, ಅದೇ ಡಿಎನ್‌ಎ. ಮುಂದಿನ ಸರದಿಯಲ್ಲಿ ಗಡಿಯಾರ ನೋಡಿಕೊಂಡು ಮಾಡಿದೆವು. ಒಂಬತ್ತನೆಯ ದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ಒಂದು ಮೂಲೆ ಮಾತ್ರ ಅದುರುತ್ತಿತ್ತು. ಸಂಜೆಯ ಹೊತ್ತಿಗೆ ಕೋಶಗಳ ಇಡೀ ಹಾಸು ಒಂದೇ ತಾಳದಲ್ಲಿ ಕುಗ್ಗಿ ಹಿಗ್ಗುತ್ತಿತ್ತು. ಮೂರು ವರ್ಷದಿಂದ ನೋಡುತ್ತಿದ್ದೇನೆ, ಆ ಹೊತ್ತಿಗೆ ಈಗಲೂ ಕೈ ನಡುಗುತ್ತದೆ.

ಅಕ್ಕ, ಮಗನ ರಂಧ್ರದ ವಿಷಯಕ್ಕೆ ಬರುತ್ತೇನೆ. ಕೋಣೆಗಳ ನಡುವಿನ ಗೋಡೆ ಏಳುವಾಗ ಎನ್‌ಕೆಎಕ್ಸ್2-5, ಟಿಬಿಎಕ್ಸ್5, ಗಾಟಾ4 ಎಂಬ ಪ್ರೋಟೀನುಗಳು ಡಿಎನ್‌ಎಯ ಮೇಲೆ ಒಂದರ ಕೈ ಒಂದು ಹಿಡಿದು ಕೆಲಸ ಮಾಡುತ್ತವೆ. ಅವು ಇದ್ದರೆ ಸಾಲದು, ಇರಬೇಕಾದಷ್ಟು ಇರಬೇಕು. ಇಂಥ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟು ಪ್ರೋಟೀನ್ ಅರ್ಧಕ್ಕೆ ಇಳಿದರೂ ಗೋಡೆ ಪೂರ್ತಿ ಮುಚ್ಚದೆ ಉಳಿಯಬಹುದು.

ಎಕೋ ಕೊಠಡಿ, ಹುಬ್ಬಳ್ಳಿ

ಮಿಡಿತ ಅವರು ಹೇಳಿದ್ದನ್ನು ನಾನು ದಿನವೂ ಪರದೆಯ ಮೇಲೆ ನೋಡುತ್ತೇನೆ. ಹುಟ್ಟುವ 100 ಮಕ್ಕಳಲ್ಲಿ ಹತ್ತಿರ ಹತ್ತಿರ ಒಂದು ಮಗುವಿಗೆ ಹೃದಯದ ರಚನೆಯಲ್ಲಿ ಏನಾದರೊಂದು ಕೊರತೆ ಇರುತ್ತದೆ. ಹೃದಯದಲ್ಲಿ ರಂಧ್ರವಿರುವ ಮಗು ಬಂದರೆ ನಾನು ಮೊದಲು ಅದರ ಹೆಬ್ಬೆರಳು ನೋಡುತ್ತೇನೆ. ಟಿಬಿಎಕ್ಸ್5 ಹೃದಯವನ್ನು ಕಟ್ಟುವಂತೆಯೇ ಕೈಯನ್ನೂ ಕಟ್ಟುತ್ತದೆ. ಅದು ಕೆಟ್ಟರೆ ಎರಡೂ ಕಡೆ ಗುರುತು ಬೀಳುತ್ತದೆ. ಹೋಲ್ಟ್-ಓರಮ್ ಸಿಂಡ್ರೋಮ್ ಎಂದು 1960ರಿಂದ ಗುರುತಿಸುತ್ತಿದ್ದ ಈ ಕಾಯಿಲೆಗೆ ಟಿಬಿಎಕ್ಸ್5 ಕಾರಣ ಎಂದು 1997ರಲ್ಲಿ ತಿಳಿಯಿತು.

ಎನ್‌ಕೆಎಕ್ಸ್2-5ರ ದೋಷವಿರುವ ಕುಟುಂಬಗಳ ವಿಷಯ ಬೇರೆ. ಅಲ್ಲಿ ಮೇಲಿನ ಕೋಣೆಗಳ ನಡುವಿನ ರಂಧ್ರವನ್ನು ಮುಚ್ಚಿದ ಎಷ್ಟೋ ವರ್ಷಗಳ ಮೇಲೂ ಹೃದಯದ ವಿದ್ಯುತ್ ಹರಿವು ನಿಧಾನವಾಗಿ ಪೇಸ್‌ಮೇಕರ್ ಬೇಕಾಗಬಹುದು. ರಂಧ್ರ ಮುಚ್ಚಿತು, ಇನ್ನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎನ್ನುವವರು ಇದನ್ನು ಓದಲಿ. ವೈದ್ಯರು ಹೇಳಿದ ಅವಧಿಗೆ ಇಸಿಜಿ ಮಾಡಿಸುತ್ತಿರಬೇಕು.

ಅಜ್ಜ ಮತ್ತು ಮೊಮ್ಮಗನ ಮಾತು ಬಂದಿದ್ದರಿಂದ ಇದನ್ನೂ ಹೇಳುತ್ತೇನೆ. ನಾಚ್ ಎಂಬ ಸಂಕೇತವಿದೆ. ಇದು ಹರಿದು ಹೋಗುವುದಿಲ್ಲ. ಎರಡು ಕೋಶಗಳು ಮೈಗೆ ಮೈ ತಾಗಿಸಿ ನಿಂತಾಗ ಮಾತ್ರ ದಾಟುತ್ತದೆ. ಭ್ರೂಣದಲ್ಲಿ ಹೃದಯದ ಕವಾಟಗಳು ಮೂಡಲು ಇದು ಬೇಕು. ಮಹಾಪಧಮನಿಯ ಕವಾಟಕ್ಕೆ ಮೂರು ಎಸಳಿರಬೇಕು. ನೂರರಲ್ಲಿ ಒಬ್ಬಿಬ್ಬರಿಗೆ ಎರಡೇ ಇರುತ್ತವೆ. ಕೆಲವು ಕುಟುಂಬಗಳಲ್ಲಿ ಇದಕ್ಕೆ ನಾಚ್1ರ ದೋಷ ಕಾರಣ ಎಂದು 2005ರಲ್ಲಿ ಕಂಡುಕೊಂಡರು. ಅದೇ ನಾಚ್ ಮುಂದೆ ಬದುಕಿನುದ್ದಕ್ಕೂ ಕವಾಟದಲ್ಲಿ ಮೂಳೆ ಕಟ್ಟುವ ವಂಶವಾಹಿಗಳನ್ನು ಅದುಮಿ ಹಿಡಿದಿರುತ್ತದೆ. ಹಿಡಿತ ಸಡಿಲಿದರೆ ಕವಾಟದಲ್ಲಿ ಸುಣ್ಣ ಸೇರುತ್ತದೆ. ಒಂದೇ ಸಂಕೇತ ಹುಟ್ಟುವ ಮೊದಲು ಕವಾಟವನ್ನು ಕಟ್ಟುತ್ತದೆ, ಮುಪ್ಪಿನವರೆಗೂ ಅದನ್ನು ಕಾಯುತ್ತದೆ. ಪರದೆಯ ಮೇಲೆ ಸುಣ್ಣಗಟ್ಟಿದ ಕವಾಟ ಕಲ್ಲಿನಂತೆ ಬೆಳ್ಳಗೆ ಹೊಳೆಯುವುದನ್ನು ಕಂಡಾಗಲೆಲ್ಲ ನನಗೆ ಆ ಕಾವಲು ನೆನಪಾಗುತ್ತದೆ.

ನೇರನುಡಿ, ದಾವಣಗೆರೆ

ಇಷ್ಟೆಲ್ಲ ಸುತ್ತಿ ಬಳಸಿ ಹೇಳುವುದೇಕೆ? ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದೇ ಇದಕ್ಕೆಲ್ಲ ಕಾರಣ. ಪ್ರಶ್ನೆ ಕೇಳಿದ ತಾಯಿಯೂ ಸಂಬಂಧದಲ್ಲೇ ಮದುವೆಯಾಗಿರಬೇಕು.

ತುಂಗಾತೀರ

ಇಲ್ಲ. ನಮ್ಮವರ ಊರು ಬೇರೆ, ಮನೆತನ ಬೇರೆ. ಮೊದಲು ಪರಿಚಯವೂ ಇರಲಿಲ್ಲ.

ಊರು ಬಿಟ್ಟ ವೈದ್ಯ, ಲೀಡ್ಸ್

ನೇರನುಡಿಯವರೇ, ನೀವು ಹೇಳಿದ್ದರಲ್ಲಿ ಸತ್ಯಾಂಶವಿದೆ. ರಕ್ತಸಂಬಂಧದ ಮದುವೆಯಿಂದ ಹುಟ್ಟುವ ಮಕ್ಕಳಲ್ಲಿ ಹುಟ್ಟು ಹೃದಯದೋಷ ಹೆಚ್ಚು ಎಂದು ಮೈಸೂರಿನ ಸಂಶೋಧಕರೇ 2006ರಲ್ಲಿ ಬರೆದಿದ್ದಾರೆ. ಆದರೆ ಅದು ಮದುವೆಗೆ ಮೊದಲು ಹಿರಿಯರ ಮುಂದೆ ಆಡಬೇಕಾದ ಮಾತು. ಮಗುವನ್ನು ಶಸ್ತ್ರಚಿಕಿತ್ಸೆಯ ಕೊಠಡಿಗೆ ಎತ್ತಿಕೊಟ್ಟು ಹೊರಗೆ ನಿಂತಿದ್ದ ತಾಯಿಯ ಮೇಲೆ ಎಸೆಯುವ ಮಾತಲ್ಲ.

ತಾಯಿ, ಗ್ರಹಣದ ಲೆಕ್ಕ ನೋಡೋಣ. ಹೃದಯದ ಕೆಳಗಿನ ಕೋಣೆಗಳ ನಡುವಿನ ಗೋಡೆ ಗರ್ಭ ಕಟ್ಟಿದ 7ರಿಂದ 8 ವಾರದೊಳಗೆ ಮುಚ್ಚಿಕೊಳ್ಳಬೇಕು. ನಿಮ್ಮ ಮಗನ ಗೋಡೆ ಆಗಲೇ ಪೂರ್ತಿಯಾಗದೆ ಉಳಿದಿತ್ತು. ನೀವು ತರಕಾರಿ ಹೆಚ್ಚಿದ್ದು 7ನೆಯ ತಿಂಗಳಲ್ಲಿ. ಅಂದರೆ ಆ ರಂಧ್ರ ಗ್ರಹಣಕ್ಕಿಂತ ನಾಲ್ಕು ತಿಂಗಳಿಗೂ ಹೆಚ್ಚು ಹಳೆಯದು. ಈ ಒಂದು ಲೆಕ್ಕವನ್ನು ಮನೆಯ ಹಿರಿಯರ ಮುಂದೆ ಬೆರಳು ಮಡಿಚಿ ಎಣಿಸಿ ತೋರಿಸಿ.

ಆ ಮೊದಲ ವಾರಗಳಲ್ಲಿ ಹೃದಯದ ಸಂಕೇತಗಳನ್ನು ಕೆಡಿಸಬಲ್ಲ ಸಂಗತಿಗಳು ನಿಜಕ್ಕೂ ಇವೆ, ಅವು ಬೇರೆ. ಗರ್ಭಕ್ಕೆ ಮೊದಲಿನಿಂದಲೇ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಒಂದು. ರುಬೆಲ್ಲಾ ಇನ್ನೊಂದು. ಅದರ ನಂಟನ್ನು 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಗುರುತಿಸಿದರು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯ ಬಗ್ಗೆ ಹೆಣ್ಣುಮಕ್ಕಳಿರುವ ಮನೆಯವರಿಗೆಲ್ಲ ಗೊತ್ತಿರಬೇಕು. ವಿಟಮಿನ್ ಎಯಿಂದ ದೇಹ ತಯಾರಿಸಿಕೊಳ್ಳುವ ರೆಟಿನಾಯಿಕ್ ಆಮ್ಲ ಭ್ರೂಣದಲ್ಲಿ ಒಂದು ಸಂಕೇತ. ಪೊರೆಯ ಬಾಗಿಲಲ್ಲಿ ನಿಲ್ಲದೆ ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ವಂಶವಾಹಿಗಳನ್ನು ಎಬ್ಬಿಸುತ್ತದೆ. ಎಲ್ಲಿ, ಎಷ್ಟು ಎಂಬ ಅಳತೆ ಅದಕ್ಕೆ ಬಹಳ ಬಿಗಿ. ಮಾತ್ರೆಯ ರೂಪದಲ್ಲಿ ಅದರ ಬಳಗದ್ದೇ ರಾಸಾಯನಿಕ ಮೈ ತುಂಬಾ ಹರಡಿದರೆ ಆ ಅಳತೆ ತಪ್ಪುತ್ತದೆ. ಗರ್ಭಿಣಿಯರಿಗೂ ಗರ್ಭ ಧರಿಸುವ ಯೋಚನೆಯಲ್ಲಿ ಇರುವವರಿಗೂ ಆ ಮಾತ್ರೆ ಸಲ್ಲದು.

ನಿಮ್ಮ ಕಥೆಯಲ್ಲಿ ಇವು ಯಾವುವೂ ಕಾಣುತ್ತಿಲ್ಲ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇನ್ನೊಂದು ಮಗುವಿನ ಯೋಚನೆಯಿದ್ದರೆ 18ರಿಂದ 22ನೆಯ ವಾರದ ನಡುವೆ ಗರ್ಭದಲ್ಲಿರುವ ಮಗುವಿಗೇ ಎಕೋ ಮಾಡಿಸಿ.

ನಿಮ್ಮ ತಂದೆಯವರ ವಿಷಯವನ್ನು ರಾತ್ರಿ ಬರೆಯುತ್ತೇನೆ, ಈಗ ವಾರ್ಡಿಗೆ ಹೊರಟಿದ್ದೇನೆ.

ನೇರನುಡಿ

ತಾಯಿ, ನಿಮ್ಮನ್ನು ಗುರಿ ಮಾಡಿ ಹಾಗೆ ಹೇಳಬಾರದಿತ್ತು. ಕ್ಷಮಿಸಿ. ನನ್ನ ತಂಗಿಯನ್ನು ನಮ್ಮ ಮಾವನಿಗೇ ಕೊಟ್ಟಿದ್ದರು. ಅವಳ ಮಗು 40 ದಿನ ಮಾತ್ರ ಇತ್ತು. ಆ ಸಂಕಟ ಇಲ್ಲಿ ಹೊರಬಂದಿತು.

ತುಂಗಾತೀರ

ಅಣ್ಣ, ಕ್ಷಮೆಯ ಮಾತು ಬೇಡ. ತಂಗಿಗೆ ನನ್ನ ನಮಸ್ಕಾರ ತಿಳಿಸಿ.

ಊರು ಬಿಟ್ಟ ವೈದ್ಯ, ಲೀಡ್ಸ್

ಈಗ ಆ 2,400ರ ಅರ್ಥ. ಹೃತ್ಕುಕ್ಷಿಯ, ಅಂದರೆ ಹೃದಯದ ಕೆಳಗಿನ ಕೋಣೆಯ ಗೋಡೆ ಒತ್ತಡಕ್ಕೆ ಸಿಕ್ಕಿ ಎಳೆದಂತಾದಾಗ ಅದರ ಸ್ನಾಯುಕೋಶಗಳು ಒಂದು ಪ್ರೋಟೀನನ್ನು ತಯಾರಿಸುತ್ತವೆ. ಅದು ಎರಡು ತುಂಡಾಗುತ್ತದೆ. ಕೆಲಸ ಮಾಡುವ ತುಂಡು ಬಿಎನ್‌ಪಿ ಎಂಬ ಹಾರ್ಮೋನು, ಇನ್ನೊಂದು ತುಂಡು ಎನ್‌ಟಿ-ಪ್ರೊಬಿಎನ್‌ಪಿ. ಈ ಎರಡನೆಯದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳೆಯಲು ಅನುಕೂಲ. ಅಳತೆ ಒಂದು ಮಿಲಿಲೀಟರ್ ರಕ್ತಸಾರದಲ್ಲಿ ಎಷ್ಟು ಪಿಕೋಗ್ರಾಂ ಎಂದು. ಉಸಿರು ಕಟ್ಟಿ ಬಂದವರಲ್ಲಿ 300ಕ್ಕಿಂತ ಕಡಿಮೆಯಿದ್ದರೆ ಅದು ಹೃದಯದಿಂದ ಬಂದದ್ದಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ವಯಸ್ಸಾದಂತೆ, ಮೂತ್ರಪಿಂಡ ದುರ್ಬಲವಾದಂತೆ ಇದು ಏರುತ್ತದೆ. ಆದ್ದರಿಂದ ಅಂಕಿಯೊಂದನ್ನೇ ಹಿಡಿದು ಹೆದರಬೇಡಿ.

ಭ್ರೂಣದ ಹೃತ್ಕುಕ್ಷಿಯಲ್ಲಿ ಈ ಹಾರ್ಮೋನಿನ ವಂಶವಾಹಿಯೂ ಇದರ ಒಡಹುಟ್ಟಿನಂತಿರುವ ಎಎನ್‌ಪಿಯ ವಂಶವಾಹಿಯೂ ಚುರುಕಾಗಿರುತ್ತವೆ. ಹುಟ್ಟಿದ ಮೇಲೆ ಅಲ್ಲಿ ತಗ್ಗಿಬಿಡುತ್ತವೆ. ನಿಮ್ಮ ವೈದ್ಯರು ಹೇಳಿದ್ದು ಇವು ಮತ್ತೆ ಎದ್ದಿವೆ ಎಂದು. ಮಿಡಿತ ಅವರ ಪಂಚಾಂಗದ ಮಾತಿನಲ್ಲಿ ಹೇಳುವುದಾದರೆ, 71 ವರ್ಷ ಹಿಂದೆ ಮಡಿಚಿಟ್ಟ ಪುಟವನ್ನು ಯಾರೋ ತೆರೆದಿದ್ದಾರೆ.

ತೆರೆದವರು ಯಾರು? ರಕ್ತದೊತ್ತಡ ಹೆಚ್ಚಿದ್ದಷ್ಟೂ ದಿನ ಗೋಡೆಯ ಮೇಲೆ ಎಳೆತ ಬೀಳುತ್ತಿರುತ್ತದೆ. ಜೊತೆಗೆ ಅಡ್ರಿನಲಿನ್ ಬಳಗದ ಹಾರ್ಮೋನುಗಳೂ ರಕ್ತನಾಳ ಬಿಗಿಸುವ ಆಂಜಿಯೋಟೆನ್ಸಿನ್ ಎಂಬುದೂ ಕೋಶದ ಕದವನ್ನು ಬಿಡದೆ ತಟ್ಟುತ್ತಿರುತ್ತವೆ. ಒಳಗೆ ಕ್ಯಾಲ್ಸಿಯಂನ ಏರುಪೇರು ನಿಲ್ಲುವುದೇ ಇಲ್ಲ. ಆಗ ಎರಡು ಘಟನೆಗಳು ನಡೆಯುತ್ತವೆ, ಎರಡೂ ಫಾಸ್ಫೇಟ್ ಎಂಬ ಪುಟ್ಟ ಚೀಟಿಯ ಸುತ್ತ. ಎನ್‌ಎಫ್‌ಎಟಿ ಎಂಬ ಪ್ರೋಟೀನ್ ಮೈಮೇಲೆ ಫಾಸ್ಫೇಟ್ ಅಂಟಿಸಿಕೊಂಡು ಕೋಶಕೇಂದ್ರದ ಹೊರಗೆ ಕಾದಿರುತ್ತದೆ. ಕ್ಯಾಲ್ಸಿಯಂ ಎಬ್ಬಿಸಿದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಆ ಚೀಟಿಯನ್ನು ಕಿತ್ತುಹಾಕುತ್ತದೆ, ಎನ್‌ಎಫ್‌ಎಟಿ ಒಳನುಗ್ಗುತ್ತದೆ. ಅಲ್ಲಿ ಅದು ಕೈಜೋಡಿಸುವುದು ಯಾರೊಂದಿಗೆ ಗೊತ್ತೇ? ಗಾಟಾ4ರೊಂದಿಗೆ. ಭ್ರೂಣದಲ್ಲಿ ಗೋಡೆ ಕಟ್ಟಿದ ಅದೇ ಗಾಟಾ4. ಅಮೆರಿಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ 1998ರಲ್ಲಿ ಇದು ತಿಳಿಯಿತು.

ಎರಡನೆಯ ಘಟನೆ ಇದರ ತಿರುಗುಮುರುಗು. ಎಂಇಎಫ್2 ಎಂಬ ಇನ್ನೊಂದು ಪ್ರೋಟೀನ್ ವಂಶವಾಹಿಗಳನ್ನು ಎಬ್ಬಿಸದಂತೆ ಎಚ್‌ಡಿಎಸಿ ಎಂಬ ಕಾವಲುಗಾರ ಕೋಶಕೇಂದ್ರದೊಳಗೆ ಅದರ ಮೇಲೆ ಕುಳಿತಿರುತ್ತಾನೆ. ಕದ ತಟ್ಟುವುದು ಅತಿಯಾದಾಗ ಒಳಗಿನ ಕಿಣ್ವಗಳು ಈ ಕಾವಲುಗಾರನಿಗೇ ಫಾಸ್ಫೇಟ್ ಚೀಟಿ ಅಂಟಿಸುತ್ತವೆ. ಚೀಟಿ ಬಿದ್ದೊಡನೆ ಅವನನ್ನು ಹೊರಗೆ ಕಳಿಸಲಾಗುತ್ತದೆ. ಒಬ್ಬ ಚೀಟಿ ಕಳೆದುಕೊಂಡು ಒಳಗೆ ಬರುತ್ತಾನೆ, ಇನ್ನೊಬ್ಬ ಚೀಟಿ ಪಡೆದು ಹೊರಗೆ ಹೋಗುತ್ತಾನೆ. ಎರಡರ ಫಲವೂ ಒಂದೇ: ಕೋಶ ದಪ್ಪವಾಗುತ್ತದೆ, ಭ್ರೂಣದ ಕಾಲದ ವಂಶವಾಹಿಗಳು ಏಳುತ್ತವೆ. ಶುರುವಿನಲ್ಲಿ ಇದು ಭಾರ ಹೊರುವ ಉಪಾಯ. ವರ್ಷಗಟ್ಟಲೆ ನಡೆದರೆ ಗೋಡೆ ಗಡುಸಾಗುತ್ತದೆ, ಆಮೇಲೆ ಸೋಲುತ್ತದೆ.

ಬಿಎನ್‌ಪಿ ಶತ್ರುವಲ್ಲ ಎಂಬುದನ್ನು ನೆನಪಿಡಿ. ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಹಾಕಿಸಿ, ರಕ್ತನಾಳಗಳನ್ನು ಸಡಿಲಿಸಿ ಅದು ಹೃದಯದ ಹೊರೆ ಇಳಿಸಲು ನೋಡುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ತಡೆಯುವ ಸ್ಯಾಕುಬಿಟ್ರಿಲ್ ಎಂಬ ಔಷಧಿಯೂ ಬಂದಿದೆ. ಬೀಟಾ ಬ್ಲಾಕರ್ ಮಾತ್ರೆ ಅಡ್ರಿನಲಿನ್ ಕದ ತಟ್ಟದಂತೆ ತಡೆಯುತ್ತದೆ. ಆಂಜಿಯೋಟೆನ್ಸಿನ್ ತಡೆಯುವ ಮಾತ್ರೆಗಳು ಇನ್ನೊಂದು ಕೈಯನ್ನು ಹಿಡಿಯುತ್ತವೆ. ನಿಮ್ಮ ತಂದೆಯವರು ಇವನ್ನು ಬಿಪಿ ಮಾತ್ರೆ ಎಂದಷ್ಟೇ ತಿಳಿದಿರಬಹುದು. ದಿನವೂ ತಪ್ಪದೆ ತೆಗೆದುಕೊಂಡರೆ ಎಷ್ಟೋ ಜನರಲ್ಲಿ ಹಿಗ್ಗಿದ ಹೃದಯ ಸ್ವಲ್ಪ ಸ್ವಲ್ಪವೇ ಹಿಂದಿನ ಆಕಾರಕ್ಕೆ ಮರಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಜ್ಜನ ಕಾಯಿಲೆ ನಿಮ್ಮ ಮೂಲಕ ಮೊಮ್ಮಗನಿಗೆ ಹರಿಯಿತೇ ಎಂದು ಕೇಳಿದ್ದಿರಿ. ನೀವು ಬರೆದದ್ದನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಮಗನದು ಕಟ್ಟುವ ಹೊತ್ತಿನ ಕೊರತೆ, ಅಪ್ಪನದು 20 ವರ್ಷದ ಒತ್ತಡದ ಫಲ. ಎರಡು ಕಡೆಯೂ ಕೆಲಸ ಮಾಡುವ ಕೈಗಳು ಅವೇ ಆದ್ದರಿಂದ ನಂಟಿದೆ ಅನ್ನಿಸುತ್ತದೆ, ಅಷ್ಟೇ. ಆದರೂ ಎರಡೂ ಫೈಲುಗಳನ್ನು ಒಟ್ಟಿಗೆ ಒಬ್ಬ ಹೃದ್ರೋಗ ತಜ್ಞರಿಗೆ ತೋರಿಸಿ.

ಅಡಿಕೆತೋಟ, ಶಿರಸಿ

ವೈದ್ಯರೇ, ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ದಿನಕ್ಕೆ ಎಷ್ಟು ಮರ ಹತ್ತಿ ಇಳಿಯುತ್ತಾರೋ ಲೆಕ್ಕವಿಲ್ಲ. ಅವರ ಹೃದಯವೂ ದಪ್ಪವಾಗಿರುತ್ತದೆಯೇ? ಅದೂ ಕಾಯಿಲೆಯೇ?

ಎಕೋ ಕೊಠಡಿ, ಹುಬ್ಬಳ್ಳಿ

ನಾನು ಹೇಳಲೇ? ಕುಸ್ತಿಪಟುಗಳು, ಓಟಗಾರರು ನಮ್ಮಲ್ಲಿಗೆ ಬರುತ್ತಾರೆ. ಅವರ ಹೃದಯವೂ ದೊಡ್ಡದಿರುತ್ತದೆ, ಆದರೆ ಹಿಗ್ಗುವಾಗ ಮೃದುವಾಗಿ ಹಿಗ್ಗುತ್ತದೆ. ಬಸುರಿಯರ ಹೃದಯವೂ ದೊಡ್ಡದಾಗಿ, ಹೆರಿಗೆಯಾದ ಮೇಲೆ ಮೊದಲಿನಂತಾಗುತ್ತದೆ. ದುಡಿಮೆಯ ಭಾರ ಬಂದು ಹೋಗುತ್ತದೆ, ರಾತ್ರಿ ವಿಶ್ರಾಂತಿಯಿರುತ್ತದೆ. ರಕ್ತದೊತ್ತಡದ ಭಾರ ನಿದ್ದೆಯಲ್ಲೂ ಪೂರ್ತಿ ಇಳಿಯುವುದಿಲ್ಲ.

ಮಿಡಿತ, ಬೆಂಗಳೂರು

ಕೋಶದೊಳಗೂ ದಾರಿಗಳು ಬೇರೆ. ವ್ಯಾಯಾಮದಿಂದ ಬೆಳೆಯುವ ಹೃದಯದಲ್ಲಿ ಇನ್ಸುಲಿನ್ ಬಳಗದ ಐಜಿಎಫ್-1 ಎಂಬ ಸಂಕೇತದ್ದು ಮುಖ್ಯ ಪಾತ್ರ. ಅಲ್ಲಿ ಭ್ರೂಣದ ವಂಶವಾಹಿಗಳು ಹೀಗೆ ಏಳುವುದಿಲ್ಲ.

ನೇರನುಡಿ, ದಾವಣಗೆರೆ

ಒಂದು ಪ್ರಶ್ನೆ, ಈ ಸಲ ಕಲಿಯುವುದಕ್ಕಾಗಿ. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ನಾಲ್ಕು ಜನರಿಗೆ ಹೃದಯ ಕೆಡಿಸುವ ವಂಶವಾಹಿ ಇದೆ ಎಂದು ಹಿಂದೆ ಪತ್ರಿಕೆಯಲ್ಲಿ ಓದಿದ್ದೆ. ನಿಜವೇ?

ಮಿಡಿತ, ಬೆಂಗಳೂರು

ನಿಜ. 2009ರಲ್ಲಿ ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿದ್ದ ತಂಡ ಪ್ರಕಟಿಸಿದ್ದು. ಎಂವೈಬಿಪಿಸಿ3 ಎಂಬ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುತ್ತವೆ, ಸುಮಾರು ನೂರಕ್ಕೆ ನಾಲ್ಕು ಜನರಲ್ಲಿ. ಆದರೆ ಇದು ಸಂಕೇತ ಸಾಗಿಸುವ ವಂಶವಾಹಿಯಲ್ಲ, ಹೃದಯ ಕುಗ್ಗಲು ಬೇಕಾದ ಸ್ನಾಯುತಂತಿನ ಭಾಗ. ತಂತು ಸಡಿಲವಾದಾಗ ಬರುವ ಎಳೆತ ಕೊನೆಗೆ ವೈದ್ಯರು ಹೇಳಿದ ಅದೇ ಕದವನ್ನು ತಟ್ಟುತ್ತದೆ. ಅದನ್ನು ಹೊತ್ತವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಬಂದರೂ ಹೆಚ್ಚಾಗಿ ನಡುವಯಸ್ಸಿನ ಮೇಲೆ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯ ದಪ್ಪವಾದವರು ಅಥವಾ ಹಠಾತ್ತನೆ ತೀರಿಕೊಂಡವರು ಇದ್ದರೆ ಒಮ್ಮೆ ಎಕೋ ಮಾಡಿಸುವುದು ಒಳ್ಳೆಯದು.

ತುಂಗಾತೀರ, ಶಿವಮೊಗ್ಗ

ಇಷ್ಟು ದಿನ ಬರೆಯಲಾಗಲಿಲ್ಲ. ನಿಮ್ಮ ಬರಹಗಳನ್ನು ಮೂರು ನಾಲ್ಕು ಸಲ ಓದಿದೆ. ಆ ತಿಂಗಳ ಲೆಕ್ಕವನ್ನು ಹಿರಿಯರ ಮುಂದೆ ಎಣಿಸಿದೆ. ಅವರು ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ಮರುದಿನ ಮಗನಿಗೆ ದೋಸೆ ಹಾಕುವಾಗ "ನಿನ್ನಮ್ಮನ ತಪ್ಪೇನೂ ಇಲ್ಲ ಕಣೋ" ಎಂದರಂತೆ. ಮಗ ಬಂದು ನನಗೆ ಹೇಳಿದ.

ಅಪ್ಪನಿಗೂ ಓದಿ ಹೇಳಿದೆ. ಕದ ತಟ್ಟುವ ಮಾತು ಅವರಿಗೆ ತಾಗಿತು. ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ತುಂಬಿಕೊಟ್ಟಿದ್ದೇನೆ, 16 ದಿನದಿಂದ ಒಂದೂ ತಪ್ಪಿಲ್ಲ. ಊತ ಇಳಿದಿದೆ. ಒಂದು ಪ್ರಶ್ನೆ ಉಳಿದಿದೆ, ಅಪ್ಪನದೇ: ಭ್ರೂಣದ ಪುಟ ತೆರೆದೇ ಇದ್ದರೆ ಹೃದಯ ಹೊಸ ಕೋಶಗಳನ್ನೇ ಹುಟ್ಟಿಸಿಕೊಳ್ಳಬಾರದೇ?

ಮಿಡಿತ, ಬೆಂಗಳೂರು

ಅಜ್ಜನಿಗೆ ನಮಸ್ಕಾರ ತಿಳಿಸಿ ಅಕ್ಕ. ಈ ಪ್ರಶ್ನೆಯ ಹಿಂದೆ ಲೋಕದ ಎಷ್ಟೋ ಪ್ರಯೋಗಾಲಯಗಳಿವೆ. ಈಗ ತೆರೆದಿರುವುದು ಆ ಅಧ್ಯಾಯದ ಕೆಲವು ಸಾಲುಗಳು ಮಾತ್ರ. ಕೋಶ ಎರಡಾಗುವ ಸಾಲುಗಳು ಮುಚ್ಚಿಯೇ ಇವೆ. ಹುಟ್ಟಿದ ಮರುದಿನ ಇಲಿಮರಿಯ ಹೃದಯದ ತುದಿ ಕತ್ತರಿಸಿದರೆ ಅದು ಮತ್ತೆ ಬೆಳೆಯುತ್ತದೆ, ಏಳು ದಿನದ ಮರಿಯಲ್ಲಿ ಬೆಳೆಯುವುದಿಲ್ಲ. ಇದು 2011ರಲ್ಲಿ ತಿಳಿಯಿತು. ಆ ಬಾಗಿಲು ಮುಚ್ಚುವುದರಲ್ಲಿ ಹಿಪ್ಪೋ ಎಂಬ ಸಂಕೇತದ ಕೈಯಿದೆ. ಇಲಿಗಳಲ್ಲಿ ಅದನ್ನು ತಡೆದರೆ ಹೃದಯದ ಕೋಶಗಳು ಮತ್ತೆ ವಿಭಜನೆಯಾಗುತ್ತವೆ.

ಮನುಷ್ಯರಲ್ಲೂ ಪೂರ್ತಿ ನಿಂತಿಲ್ಲ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ನಮ್ಮ ಡಿಎನ್‌ಎಯಲ್ಲೂ ಕುಳಿತಿದೆ. ಅದರಿಂದ ಕೋಶ ಹುಟ್ಟಿದ ಕಾಲವನ್ನು ಅಳೆಯಬಹುದು. ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಹಾಗೆ ಅಳೆದು, 25ನೆಯ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ 1ರಷ್ಟು, 75ರಲ್ಲಿ 0.45ರಷ್ಟು ಹೃದಯಸ್ನಾಯು ಕೋಶಗಳು ಹೊಸದಾಗುತ್ತವೆ ಎಂದರು. ಅಜ್ಜನ ಎದೆಯಲ್ಲೂ ಈ ವರ್ಷ ಹುಟ್ಟಿದ ಕೋಶಗಳಿವೆ. ಗಾಯ ತುಂಬಲು ಅಷ್ಟು ಸಾಲದು, ಹೆಚ್ಚಿಸುವ ಔಷಧಿ ಇನ್ನೂ ಬಂದಿಲ್ಲ. ಯಾರಾದರೂ ಹಣ ಕೇಳಿ ಮೂಲಕೋಶ ಚುಚ್ಚಿ ಹೃದಯ ಸರಿಮಾಡುತ್ತೇವೆ ಎಂದರೆ ದಯವಿಟ್ಟು ಹೋಗಬೇಡಿ.

ತುಂಗಾತೀರ, ಶಿವಮೊಗ್ಗ

ಮೇಷ್ಟ್ರೇ, ಮಗ ಆ ಮೊಟ್ಟೆಯ ಚುಕ್ಕೆ ನೋಡಲೇಬೇಕು ಎನ್ನುತ್ತಿದ್ದಾನೆ. ಆದರೆ ಒಡೆಯಬಾರದಂತೆ.

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ಒಡೆಯುವುದು ಬೇಡ, ಮಗೂ. ಕಾವಿಗೆ ಕುಳಿತ ಹೇಂಟೆಯ ಕೆಳಗಿನ ಒಂದು ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಡು. ಐದನೆಯ ದಿನ ರಾತ್ರಿ ದೀಪ ಆರಿಸಿ, ಹೇಂಟೆಗೆ ಗಾಬರಿಯಾಗದಂತೆ ಅದನ್ನು ಮೆಲ್ಲಗೆ ತೆಗೆದುಕೋ. ಮೊಟ್ಟೆಯ ದಪ್ಪ ತುದಿಗೆ ಅಮ್ಮನ ಮೊಬೈಲಿನ ಟಾರ್ಚ್ ಒತ್ತಿ ಹಿಡಿ. ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಕೈ ಅಲುಗಿಸದೆ, ನೂರು ಎಣಿಸುವಷ್ಟು ಹೊತ್ತು ಬಲೆಯ ನಡುವೆಯೇ ನೋಡುತ್ತಿರು. ಅಜ್ಜನನ್ನೂ ಪಕ್ಕದಲ್ಲಿ ಕೂರಿಸಿಕೋ. ಆಮೇಲೆ ಬಿಸಿ ಆರುವ ಮೊದಲೇ ಮೊಟ್ಟೆಯನ್ನು ಹೇಂಟೆಯ ಕೆಳಗೆ ಇಟ್ಟುಬಿಡು. 21ನೆಯ ದಿನ ಮರಿ ಹೊರಗೆ ಬಂದಾಗ ಇಲ್ಲಿ ಬರೆದು ತಿಳಿಸು.